ಕಥೆ, ಕಲ್ಲು, ಕೈ: ಗ್ರೀಸಿನ ಪುರಾತನ ತಾಣಗಳಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಬಗೆ

ಅಧ್ಯಯನ ಪ್ರವಾಸವೆಂದರೆ ನಮ್ಮ ಕಡೆಯ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಬಾದಾಮಿ, ಐಹೊಳೆ, ಪಟ್ಟದಕಲ್ಲು, ಹಂಪಿ; ಮೂರು ದಿನ, ಒಂದು ಬಸ್ಸು, ಹಿಂದಿನ ಸೀಟಿನಲ್ಲಿ ಅಂತ್ಯಾಕ್ಷರಿ. ಕುಮಟಾ ತಾಲೂಕಿನ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವ ನಾನು ಅಂಥ ಪ್ರವಾಸಗಳನ್ನು ಹಲವು ವರ್ಷ ನಡೆಸಿದ ಮೇಲೆ ಎರಡು ಬಾರಿ ವಿದ್ಯಾರ್ಥಿಗಳನ್ನು ಗ್ರೀಸಿಗೆ ಕರೆದುಕೊಂಡು ಹೋಗಿ ಬಂದಿದ್ದೇನೆ. ಮೊದಲ ಸಲ ಮಾಡಿದ ತಪ್ಪುಗಳನ್ನು ಎರಡನೆಯ ಸಲ ತಿದ್ದಿಕೊಳ್ಳಲು ಸಾಧ್ಯವಾಯಿತು. ಉತ್ತರ ಕನ್ನಡದ ಯಾವುದೇ ಶಾಲೆ ಅಥವಾ ಕಾಲೇಜು ಇಂಥ ಪ್ರವಾಸಕ್ಕೆ ಮನಸ್ಸು ಮಾಡಿದರೆ ಏನನ್ನು ಯಾವಾಗ ಮಾಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಅಷ್ಟು ದೂರದ ಗ್ರೀಸಿಗೂ ನಮಗೂ ಏನು ಸಂಬಂಧ ಎಂದು ಪಾಲಕರ ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕುಳಿತು ಗ್ರೀಕ್ ಭಾಷೆಯಲ್ಲಿ ಭೂಗೋಳ ಬರೆದ ಟಾಲೆಮಿಯ ಊರುಗಳ ಪಟ್ಟಿಯಲ್ಲಿ ಬನವಾಸಿಯ ಹೆಸರಿದೆ ಎಂದು ಹೇಳಿದರೆ ಸಭೆ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿ 1903ರಲ್ಲಿ ಪ್ರಕಟವಾದ ಪಪೈರಸ್ ಹಾಳೆಯೊಂದರ ಸಂಗತಿಯನ್ನೂ ಹೇಳಬಹುದು. ಅದರಲ್ಲಿರುವುದು ಒಂದು ಗ್ರೀಕ್ ಪ್ರಹಸನ; ಭಾರತದ ಕಡಲತೀರದಲ್ಲಿ ಸೆರೆಯಾದ ಗ್ರೀಕ್ ಹೆಣ್ಣೊಬ್ಬಳ ಕಥೆ. ಅದರಲ್ಲಿ ಗ್ರೀಕರಿಗೆ ಅರ್ಥವಾಗದ ಕೆಲವು ಮಾತುಗಳನ್ನು ಹುಲ್ಟ್ಸ್, ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಕನ್ನಡವೆಂದೋ ತುಳುವೆಂದೋ ಓದಿದ್ದಾರೆ, ಬೇರೆ ಹಲವು ವಿದ್ವಾಂಸರು ಒಪ್ಪಿಲ್ಲ. ಇದನ್ನು ಹೇಳುವಾಗ ಒಪ್ಪದವರ ಮಾತನ್ನೂ ಸೇರಿಸಿ ಹೇಳಬೇಕು. ಪ್ರವಾಸದ ಶಿಸ್ತು ಅಲ್ಲಿಂದಲೇ ಆರಂಭವಾಗಬೇಕು.

ಮೂರು ಅಂಕಣಗಳ ಪುಸ್ತಕ

ಪ್ರವಾಸಕ್ಕೆ ಮೊದಲು ಮಾಡಬೇಕಾದ ಕೆಲಸಗಳಲ್ಲಿ ಮುಖ್ಯವಾದುದು ಒಂದು ನೂರು ಪುಟದ ನೋಟ್‌ಬುಕ್ಕು. ಪ್ರತಿ ಪುಟವನ್ನೂ ಉದ್ದುದ್ದವಾಗಿ ಮೂರು ಪಾಲು ಮಾಡಿ ಗೆರೆ ಎಳೆಯಬೇಕು. ಮೊದಲನೆಯದರ ತಲೆಬರಹ ‘ಕಥೆ’: ಈ ಜಾಗದ ಬಗ್ಗೆ ಪುರಾಣವೂ ಜನರೂ ಏನು ಹೇಳುತ್ತಾರೆ ಎಂಬುದು ಅಲ್ಲಿಗೆ. ಎರಡನೆಯದು ‘ಕಲ್ಲು’: ಅಲ್ಲಿ ನಿಂತಾಗ ಕಣ್ಣಿಗೆ ಕಾಣುವುದು, ಅಳೆಯಬಹುದಾದದ್ದು, ಅಗೆದಾಗ ಸಿಕ್ಕಿದ್ದು, ಶಾಸನದಲ್ಲಿ ಬರೆದದ್ದು. ಮೂರನೆಯದು ‘ಕೈ’: ಆಮೇಲೆ ಬಂದವರು ಕೆಡವಿದ್ದು, ಕದ್ದದ್ದು, ಜೋಡಿಸಿದ್ದು, ಹೆಸರಿಟ್ಟದ್ದು. ಮೂರನ್ನೂ ಒಂದರೊಳಗೊಂದು ಬೆರೆಸದೆ ಬರೆಯಲು ಕಲಿತ ವಿದ್ಯಾರ್ಥಿಗೆ ಗ್ರೀಸಿನಲ್ಲಿ ಮಾರ್ಗದರ್ಶಿ ಇಲ್ಲದಿದ್ದರೂ ನಡೆಯುತ್ತದೆ. ಕಲಿಯದವನಿಗೆ ಎಷ್ಟು ಒಳ್ಳೆಯ ಮಾರ್ಗದರ್ಶಿ ಸಿಕ್ಕರೂ ಉಳಿಯುವುದು ಫೋಟೊ ಮಾತ್ರ.

ಈ ಅಭ್ಯಾಸಕ್ಕೆ ನಮ್ಮ ಜಿಲ್ಲೆಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಮೊದಲ ಭಾನುವಾರ ಗೋಕರ್ಣಕ್ಕೆ ಹೋಗಬೇಕು. ರಾವಣ ತಂದ ಆತ್ಮಲಿಂಗ, ದನಗಾಹಿ ಹುಡುಗನ ವೇಷದ ಗಣಪತಿ, ಲಿಂಗವನ್ನು ಕೀಳಲು ಹೋಗಿ ಸೋತ ರಾವಣ ಎಸೆದ ಮುಚ್ಚಳ, ಬಟ್ಟೆ, ದಾರಗಳು ಬಿದ್ದಲ್ಲಿ ಎದ್ದ ದೇವಾಲಯಗಳು ಎಲ್ಲವೂ ‘ಕಥೆ’ಯ ಅಂಕಣಕ್ಕೆ. ಬಳಿಕ ನಕ್ಷೆಯನ್ನು ಹರಡಿ ಕಾರವಾರದ ಸಜ್ಜೇಶ್ವರ, ಗೋಕರ್ಣ, ಧಾರೇಶ್ವರ, ಗುಣವಂತೆ, ಮುರುಡೇಶ್ವರ ಈ ಐದನ್ನೂ ಗುರುತಿಸಲು ಹೇಳಬೇಕು. ಐದೂ ಕರಾವಳಿಯಲ್ಲಿಯೇ ಸಾಲಾಗಿ ನಿಲ್ಲುತ್ತವೆ. ಒಂದೇ ಕಥೆ ಇಷ್ಟುದ್ದದ ದಂಡೆಯನ್ನು ಯಾಕೆ ಹೊಲಿದಿದೆ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳೇ ಕೇಳುತ್ತಾರೆ. ಅವಸರದಿಂದ ಉತ್ತರ ಹೇಳಬಾರದು. ಮುಂದಿನ ವಾರ ಯಾಣ. ಭಸ್ಮಾಸುರ ಸುಟ್ಟು ಬೂದಿಯಾದ ಜಾಗವೆಂಬ ಕಥೆ ಒಂದೆಡೆ, 120 ಮೀಟರ್ ಎತ್ತರದ ಭೈರವೇಶ್ವರ ಶಿಖರದ ಕಪ್ಪು ಸುಣ್ಣಕಲ್ಲು ಇನ್ನೊಂದೆಡೆ. ಕಥೆ ಹುಟ್ಟಿಸುವುದಕ್ಕೆ ಕಲ್ಲಿನ ಬಣ್ಣವೇ ಸಾಕಾಗುತ್ತದೆ ಎಂಬುದು ಅಲ್ಲಿ ನಿಂತಾಗ ತಾನಾಗಿ ಹೊಳೆಯುತ್ತದೆ.

ಬನವಾಸಿಗೆ ಮಾತ್ರ ಒಂದು ಇಡೀ ದಿನ ಕೊಡಬೇಕು. ಮಧುಕೇಶ್ವರನ ಹೆಸರಿಗೆ ಮಧು ಕೈಟಭರ ಕಥೆ ಅಂಟಿಕೊಂಡಿದೆ. ಆದರೆ ದೇವಾಲಯದ ಆವರಣದಲ್ಲಿರುವ ಐದು ಹೆಡೆಯ ನಾಗಶಿಲೆಯ ಅಂಚಿನ ಬ್ರಾಹ್ಮಿ ಅಕ್ಷರಗಳು ಆ ಕಥೆಯ ಸುದ್ದಿಯನ್ನೇ ಎತ್ತದೆ, ಸಾತಕರ್ಣಿಯ ಕಾಲದಲ್ಲಿ ಅರಸುಮಗಳೊಬ್ಬಳು ನಾಗ, ಕೆರೆ, ವಿಹಾರಗಳನ್ನು ಮಾಡಿಸಿದಳೆಂದು ಪ್ರಾಕೃತದಲ್ಲಿ ಹೇಳುತ್ತವೆ. ಒಳಗಿರುವ ಕಲ್ಲಿನ ಮಂಚ ಅದಕ್ಕಿಂತ ಎಷ್ಟೋ ಶತಮಾನ ಈಚಿನ ಸೋಂದೆ ಅರಸರ ಕಾಲದ್ದು. ಕಥೆ, ಕಲ್ಲು, ಕೈ ಮೂರೂ ಒಂದೇ ಅಂಗಳದಲ್ಲಿ ಸಿಗುವ ಇಂಥ ಜಾಗದಲ್ಲಿ ಪುಸ್ತಕ ತುಂಬಿಸಿದವರು ಅಥೆನ್ಸಿನ ಅಕ್ರೊಪೊಲಿಸ್ ಬೆಟ್ಟದ ಮೇಲೆ ತಬ್ಬಿಬ್ಬಾಗುವುದಿಲ್ಲ.

ಇದರ ಜೊತೆಗೆ ಗ್ರೀಕ್ ಅಕ್ಷರಗಳನ್ನು ಕಲಿಸಬೇಕು. ಇಪ್ಪತ್ತನಾಲ್ಕೇ ಅಕ್ಷರ, ಎರಡು ಮಧ್ಯಾಹ್ನ ಸಾಕು. ಪ್ರತಿಯೊಬ್ಬರೂ ತಮ್ಮ ಹೆಸರನ್ನೂ ಊರಿನ ಹೆಸರನ್ನೂ ಬರೆಯಬೇಕು. ಶಿರಸಿಯವರಿಗೆ ಸುಲಭವಾಗುತ್ತದೆ, ಕುಮಟೆಯವರು ಗ್ರೀಕಿನಲ್ಲಿ ತಕಾರ ಟಕಾರಗಳ ಭೇದವಿಲ್ಲವೆಂದು ಕಂಡುಕೊಂಡು ಜಗಳಕ್ಕೆ ನಿಲ್ಲುತ್ತಾರೆ. ಅಥೆನ್ಸಿನ ಮೆಟ್ರೊ ನಿಲ್ದಾಣದ ಫಲಕವನ್ನೂ ಮ್ಯೂಸಿಯಮ್ಮಿನ ಮಡಕೆಯ ಮೇಲೆ ಬರೆದ ದೇವತೆಯ ಹೆಸರನ್ನೂ ತಾವೇ ಕೂಡಿಸಿ ಓದಿದಾಗ ಅವರ ಮುಖ ಅರಳುವುದನ್ನು ನೋಡಬೇಕು.

ಕಾಗದಪತ್ರಗಳು

ಹೊರಡುವುದಕ್ಕೆ ಎಂಟು ತಿಂಗಳ ಮೊದಲು ಪಾಸ್‌ಪೋರ್ಟಿನ ಕೆಲಸ ಆರಂಭವಾಗಬೇಕು. ನಮ್ಮ ಜಿಲ್ಲೆಯಲ್ಲಿ ಎದುರಾಗುವ ದೊಡ್ಡ ತೊಡಕು ಹೆಸರಿನದು. ಆಧಾರ್ ಕಾರ್ಡಿನಲ್ಲಿ ನಾಯ್ಕ, ಅಂಕಪಟ್ಟಿಯಲ್ಲಿ ನಾಯಕ. ಒಂದರಲ್ಲಿ ತಂದೆಯ ಹೆಸರು ನಡುವೆ, ಇನ್ನೊಂದರಲ್ಲಿ ಮೊದಲಕ್ಷರ ಮಾತ್ರ. ಹೆಗಡೆ ಎಂಬುದಕ್ಕೆ ಇಂಗ್ಲಿಷಿನಲ್ಲಿ ಮೂರು ಕಾಗುಣಿತ. ಎಲ್ಲ ದಾಖಲೆಗಳನ್ನೂ ಮೇಜಿನ ಮೇಲೆ ಹರಡಿ ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ತಿದ್ದುಪಡಿ ಬೇಕಾದವರ ಪಟ್ಟಿಯನ್ನು ಮೊದಲ ವಾರವೇ ಮಾಡಬೇಕು.

ಗ್ರೀಸ್ ಷೆಂಗೆನ್ ಒಪ್ಪಂದದ ದೇಶವಾದ್ದರಿಂದ ಬೇಕಾದದ್ದು ಷೆಂಗೆನ್ ಅಲ್ಪಾವಧಿ ವೀಸಾ. ಪ್ರಯಾಣಕ್ಕೆ ಆರು ತಿಂಗಳಿಗಿಂತ ಮೊದಲು ಅರ್ಜಿ ಹಾಕುವಂತಿಲ್ಲ, ಹದಿನೈದು ದಿನಕ್ಕಿಂತ ತಡವಾಗಿಯೂ ಹಾಕುವಂತಿಲ್ಲ; ಮೂರು ತಿಂಗಳ ಮೊದಲು ಹಾಕಿದರೆ ನೆಮ್ಮದಿ. ಪಾಸ್‌ಪೋರ್ಟಿನ ಅವಧಿ ಅಲ್ಲಿಂದ ಮರಳುವ ದಿನದ ಮೇಲೆ ಇನ್ನೂ ಮೂರು ತಿಂಗಳಾದರೂ ಇರಬೇಕು. ಕನಿಷ್ಠ 30,000 ಯೂರೊ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಬೆರಳಚ್ಚು ಕೊಡಲು ಪ್ರತಿಯೊಬ್ಬರೂ ಖುದ್ದಾಗಿ ಹೋಗಬೇಕಾದ್ದರಿಂದ ಆ ದಿನವನ್ನು ಪರೀಕ್ಷೆಯ ವೇಳಾಪಟ್ಟಿ ನೋಡಿ ಗೊತ್ತುಮಾಡಬೇಕು. ಹದಿನೆಂಟು ತುಂಬದವರಿಗೆ ಜನ್ಮಪ್ರಮಾಣಪತ್ರವೂ ತಂದೆ ತಾಯಿ ಇಬ್ಬರ ನೋಟರಿ ಮಾಡಿದ ಒಪ್ಪಿಗೆಪತ್ರವೂ ಬೇಕಾಗುತ್ತವೆ. ಹಲವರಿಗೆ ತಿಳಿಯದ ಸಂಗತಿ ಒಂದಿದೆ: ಅಧ್ಯಯನಕ್ಕೆಂದು ಹೋಗುವ ವಿದ್ಯಾರ್ಥಿಗಳಿಗೂ ಅವರ ಜೊತೆಗಿರುವ ಶಿಕ್ಷಕರಿಗೂ ಷೆಂಗೆನ್ ನಿಯಮಾವಳಿಯಲ್ಲಿ ವೀಸಾ ಶುಲ್ಕದ ವಿನಾಯಿತಿ ಇದೆ. ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ ಪ್ರವಾಸದ ಉದ್ದೇಶ, ದಿನವಹಿ ಕಾರ್ಯಕ್ರಮ, ವಿದ್ಯಾರ್ಥಿಗಳ ಪಟ್ಟಿ ಸ್ಪಷ್ಟವಾಗಿದ್ದರೆ ಅದನ್ನು ಕೇಳಬಹುದು. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ.

ಕಾಲ ಮತ್ತು ದಾರಿ

ಬೇಸಿಗೆಯ ನಡುವೆ ಹೋಗಬಾರದು. ಜುಲೈ ತಿಂಗಳ ಗ್ರೀಸಿನ ಬಿಸಿಲು ನಮ್ಮ ಮೇ ತಿಂಗಳ ಕಾರವಾರವನ್ನು ಮೀರಿಸುತ್ತದೆ. 2023 ಮತ್ತು 2024ರ ಉಷ್ಣದ ಅಲೆಗಳಲ್ಲಿ ಅಕ್ರೊಪೊಲಿಸನ್ನೇ ಮಧ್ಯಾಹ್ನದ ಹೊತ್ತು ಮುಚ್ಚಿದ್ದರು. ಏಪ್ರಿಲ್ ಕೊನೆ, ಮೇ ಮೊದಲ ಭಾಗ ಅಥವಾ ದಸರೆಯ ಸುಮಾರಿನ ಅಕ್ಟೋಬರ್ ಹದವಾದ ಕಾಲ. ಆದರೆ ರಜೆಯ ದಿನಗಳನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು. ಜನವರಿ 1, ಮಾರ್ಚ್ 25, ಮೇ 1, ಗ್ರೀಕ್ ಈಸ್ಟರ್ ಭಾನುವಾರ, ಡಿಸೆಂಬರ್ 25 ಮತ್ತು 26ರಂದು ಸರ್ಕಾರಿ ಪುರಾತತ್ವ ತಾಣಗಳು ಮುಚ್ಚಿರುತ್ತವೆ. ಅವರ ಈಸ್ಟರ್ ಆರ್ಥೊಡಾಕ್ಸ್ ಲೆಕ್ಕದ್ದಾದ್ದರಿಂದ ನಮ್ಮ ಕ್ಯಾಲೆಂಡರಿನಲ್ಲಿ ಅಚ್ಚಾದ ದಿನವನ್ನು ನಂಬುವಂತಿಲ್ಲ.

ನಮ್ಮ ಮೊದಲ ಪ್ರವಾಸದಲ್ಲಿ ಪ್ರವಾಸ ಸಂಸ್ಥೆಯೊಂದು ಕಾರ್ಯಕ್ರಮ ಪಟ್ಟಿ ಮಾಡಿಕೊಟ್ಟಿತ್ತು. ಅದರಲ್ಲಿ ಮೇ 1ರ ಮುಂದೆ ಒಲಿಂಪಿಯಾ ಎಂದಿತ್ತು. ನಾನೂ ಓದಿ ಸಹಿ ಹಾಕಿದ್ದೆ. ಅರ್ಧ ದಿನದ ದಾರಿ ಕ್ರಮಿಸಿ ಹೋದರೆ ಗೇಟಿಗೆ ಬೀಗ. ಇಪ್ಪತ್ತೆರಡು ಜನ ವಿದ್ಯಾರ್ಥಿಗಳು ಬೇಲಿಯ ಹೊರಗೆ ನಿಂತು ಮರಗಳ ಸಂದಿನಲ್ಲಿ ಕಂಡಷ್ಟು ಕಂಬಗಳನ್ನು ಎಣಿಸಿದರು. ಮರುದಿನ ಬೆಳಿಗ್ಗೆ ಹೇಗೋ ಎರಡು ಗಂಟೆ ಬಿಡುವು ಮಾಡಿಕೊಂಡು ನೋಡಿ ಮುಂದೆ ಸಾಗಬೇಕಾಯಿತು. ಅಂದಿನಿಂದ ಯಾರೇ ಪಟ್ಟಿ ಮಾಡಿದರೂ ಪ್ರತಿಯೊಂದು ತಾಣ ತೆರೆಯುವ ದಿನ, ಮುಚ್ಚುವ ಗಂಟೆಗಳನ್ನು ಅಲ್ಲಿನ ಸಂಸ್ಕೃತಿ ಸಚಿವಾಲಯದ ಪ್ರಕಟಣೆಯಲ್ಲಿ ನಾನೇ ನೋಡಿ ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ. ಟಿಕೆಟ್ ದರ ಮತ್ತು ವಿದ್ಯಾರ್ಥಿ ರಿಯಾಯಿತಿ ಆಗಾಗ ಬದಲಾಗುವುದರಿಂದ ಅವನ್ನೂ ಅಲ್ಲಿಯೇ ನೋಡಬೇಕು.

ದಾರಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾದದ್ದು: ಒಂಬತ್ತು ಹತ್ತು ದಿನಗಳಲ್ಲಿ ಐದು ತಾಣ ನೋಡಿದರೆ ಸಾಕು. ಅಥೆನ್ಸಿನಲ್ಲಿ ಮೂರು ರಾತ್ರಿ, ಅಲ್ಲಿಂದ ಕೊರಿಂತ್ ಕಾಲುವೆ ದಾಟಿ ನಾಫ್ಲಿಯೊ ಊರಿನಲ್ಲಿ ಎರಡು ರಾತ್ರಿ ತಂಗಿ ಮೈಸಿನಿ ಮತ್ತು ಎಪಿಡಾರಸ್, ಆಮೇಲೆ ಒಲಿಂಪಿಯಾ, ಅಲ್ಲಿಂದ ಉತ್ತರಕ್ಕೆ 2004ರಲ್ಲಿ ತೆರೆದ ರಿಯೊ ಆಂಟಿರಿಯೊ ಸೇತುವೆ ದಾಟಿ ಡೆಲ್ಫಿ, ಮರಳಿ ಅಥೆನ್ಸ್. ಇಡೀ ಸುತ್ತಿಗೆ ಒಂದು ಬಾಡಿಗೆ ಬಸ್ಸು ಸಾಕು. ದೇವಿಮನೆ ಘಾಟಿಯಲ್ಲಿ ವಾಂತಿ ಮಾಡಿಕೊಳ್ಳುವವರು ಯಾರೆಂದು ಅಭ್ಯಾಸ ಪ್ರವಾಸದಲ್ಲಿಯೇ ಗುರುತು ಹಾಕಿಟ್ಟುಕೊಂಡರೆ ಡೆಲ್ಫಿಯ ಘಟ್ಟದಲ್ಲಿ ಅವರನ್ನು ಮುಂದಿನ ಸೀಟಿಗೆ ಕೂರಿಸಬಹುದು. ಸೂರ್ಯಾಸ್ತಕ್ಕೆಂದು ಸ್ಯಾಂಟೊರಿನಿ ಸೇರಿಸಲು ಪ್ರವಾಸ ಸಂಸ್ಥೆಯವರು ಒತ್ತಾಯಿಸುತ್ತಾರೆ. ಸೂರ್ಯಾಸ್ತ ನಮ್ಮ ಓಂ ಬೀಚಿನಲ್ಲಿಯೂ ಇದೆ. ದಿನ ಉಳಿದರೆ ರಾತ್ರಿಯ ಹಡಗಿನಲ್ಲಿ ಕ್ರೀಟ್ ದ್ವೀಪಕ್ಕೆ ಹೋಗಿ ಕ್ನೋಸಸಿನ ಪುರಾತನ ಅರಮನೆ ನೋಡುವುದು ಮೇಲು.

ತಾಣಗಳಲ್ಲಿ ನೋಡಬೇಕಾದ ಕ್ರಮ

ಅಕ್ರೊಪೊಲಿಸಿಗೆ ನಿಗದಿತ ಗಂಟೆಯ ಟಿಕೆಟ್ಟು ಮುಂಗಡ ಕೊಳ್ಳಬೇಕು. 2023ರಿಂದ ದಿನಕ್ಕೆ 20,000 ಜನರ ಮಿತಿ ಇದೆ. ಬೆಳಗಿನ ಮೊದಲ ಗಂಟೆಯೇ ಬೇಕು. ಹೆಬ್ಬಾಗಿಲು ದಾಟಿದೊಡನೆ ಎದುರಿಗೆ ಕಾಣುವುದು ಅಥೀನಾ ದೇವಿಯ ದೇವಾಲಯವಾದ ಪಾರ್ಥೆನಾನಿನ ಹಿಂಬದಿ. ದೇವಾಲಯದ ಮುಖ ಇರುವುದು ಪೂರ್ವಕ್ಕೆ; ವಿದ್ಯಾರ್ಥಿಗಳು ಇದನ್ನು ತಾವಾಗಿಯೇ ಕಂಡುಹಿಡಿಯಲಿ ಎಂದು ಸುಮ್ಮನಿರಬೇಕು. ಹಿಂಬದಿಯ ತ್ರಿಕೋನದಲ್ಲಿ ಒಂದು ಕಾಲಕ್ಕೆ ಕೆತ್ತಿದ್ದ ಕಥೆ ಊರಿನ ಒಡೆತನಕ್ಕಾಗಿ ಅಥೀನಾ ಮತ್ತು ಪೊಸೈಡನ್ ಮಾಡಿದ ಸ್ಪರ್ಧೆಯದು. ಕಡಲ ದೇವರು ತ್ರಿಶೂಲದಿಂದ ಬಂಡೆಗೆ ಹೊಡೆದು ಉಪ್ಪುನೀರು ಬರಿಸಿದ, ಅಥೀನಾ ಆಲಿವ್ ಗಿಡ ಕೊಟ್ಟಳು, ಜನ ಆಲಿವನ್ನು ಆರಿಸಿಕೊಂಡರು. ಸಾಣಿಕಟ್ಟೆಯ ಉಪ್ಪಿನ ಆಗರದ ಕಡೆಯಿಂದ ಬಂದಿದ್ದ ಹುಡುಗನೊಬ್ಬ, ‘ಸರ್, ಉಪ್ಪು ಬೇಡ ಅಂದವರು ಯಾರು?’ ಎಂದು ಕೇಳಿದ. ಪ್ರಶ್ನೆ ‘ಕಥೆ’ಯ ಅಂಕಣದಲ್ಲಿ ಹಾಗೆಯೇ ಉಳಿಯಿತು.

‘ಕಲ್ಲಿ’ನ ಅಂಕಣಕ್ಕೆ: ಕ್ರಿ.ಪೂ. 447ರಲ್ಲಿ ಆರಂಭ, 432ರಲ್ಲಿ ಮುಕ್ತಾಯ, ಪೆಂಟೆಲಿ ಬೆಟ್ಟದ ಅಮೃತಶಿಲೆ, ಅಗಲಕ್ಕೆ ಎಂಟು ಮತ್ತು ಉದ್ದಕ್ಕೆ ಹದಿನೇಳು ಕಂಬ. ‘ಕೈ’ ಅಂಕಣಕ್ಕೆ ಇಲ್ಲಿ ಪುಟ ಸಾಲದು. 1687ರಲ್ಲಿ ವೆನಿಸಿನವರ ಫಿರಂಗಿ ಗುಂಡು ಒಳಗಿದ್ದ ತುರ್ಕರ ಸಿಡಿಮದ್ದಿಗೆ ತಗುಲಿ ನಡುಭಾಗ ಸಿಡಿದುಹೋಯಿತು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟಿಷ್ ರಾಯಭಾರಿ ಎಲ್ಗಿನ್ ಸಾಗಿಸಿದ ಶಿಲ್ಪಗಳು ಲಂಡನ್ನಿನಲ್ಲಿವೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಜೀರ್ಣೋದ್ಧಾರ ಮಾಡಿದವರು ಬಳಸಿದ ಕಬ್ಬಿಣದ ಕೊಂಡಿಗಳು ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳಿದವು. ಈಗಿನವರು ಅವನ್ನು ತೆಗೆದು ಟೈಟಾನಿಯಂ ಹಾಕುತ್ತಿದ್ದಾರೆ. ಕಡಲ ಗಾಳಿಗೆ ಕಬ್ಬಿಣ ಉಬ್ಬಿ ತಾರಸಿಯ ಸಿಮೆಂಟು ಕಳಚುವುದನ್ನು ಮನೆಯಲ್ಲಿಯೇ ಕಂಡಿರುವ ಕಾರವಾರದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳದಿಗಟ್ಟಿದ ಹಳೆಯ ಕಲ್ಲು ಯಾವುದು, ಬೆಳ್ಳಗಿರುವ ಹೊಸ ತೇಪೆ ಯಾವುದು ಎಂದು ಒಂದೇ ಕಂಬದಲ್ಲಿ ಗುರುತಿಸಿ ಚಿತ್ರ ಬರೆಯಲು ಹೇಳಬೇಕು.

ಮಧ್ಯಾಹ್ನ ಕೆಳಗಿನ ಅಕ್ರೊಪೊಲಿಸ್ ಮ್ಯೂಸಿಯಂ. ಪಾರ್ಥೆನಾನಿನ 160 ಮೀಟರ್ ಉದ್ದದ ಮೆರವಣಿಗೆಯ ಶಿಲ್ಪಪಟ್ಟಿಕೆಯಲ್ಲಿ ಕುದುರೆ ಸವಾರರು, ಬಲಿಯ ಎತ್ತುಗಳು, ಕೊಡ ಹೊತ್ತವರು, ಕೊನೆಯಲ್ಲಿ ದೇವಿಗೆ ನೇಯ್ದ ಬಟ್ಟೆ. ಶಿರಸಿಯ ಮಾರಿಕಾಂಬೆ ಜಾತ್ರೆ ನೋಡಿದವರು ಇದನ್ನು ಕ್ಷಣದಲ್ಲಿ ಓದಿಬಿಡುತ್ತಾರೆ, ಮರುಕ್ಷಣವೇ ‘ಎರಡೂ ಒಂದೇ’ ಎಂದು ಬರೆಯಲು ಹೊರಡುತ್ತಾರೆ. ಅಲ್ಲಿ ತಡೆಯಬೇಕು. ಹೋಲಿಕೆ ನೋಡುವುದಕ್ಕೆ ಕಣ್ಣು ಕೊಡುತ್ತದೆ, ಸಂಬಂಧಕ್ಕೆ ಸಾಕ್ಷಿ ಕೊಡುವುದಿಲ್ಲ. ಹೋಲದ ಮೂರು ಸಂಗತಿಗಳನ್ನು ಬರೆಯದೆ ಒಂದು ಹೋಲಿಕೆಯನ್ನೂ ಬರೆಯಬಾರದು ಎಂಬ ನಿಯಮವನ್ನು ನಾನು ಎರಡನೆಯ ಪ್ರವಾಸದಲ್ಲಿ ಮಾಡಿದೆ.

ಮೈಸಿನಿಗೆ ಹೋಗುವ ಮೊದಲು ಅಥೆನ್ಸಿನ ರಾಷ್ಟ್ರೀಯ ಪುರಾತತ್ವ ಮ್ಯೂಸಿಯಮ್ಮಿನಲ್ಲಿ ‘ಅಗಮೆಮ್ನನನ ಮುಖವಾಡ’ ಎಂಬ ಚಿನ್ನದ ತಗಡನ್ನು ನೋಡಿಕೊಳ್ಳಬೇಕು. ಟ್ರಾಯ್ ಯುದ್ಧದಲ್ಲಿ ಗ್ರೀಕರ ಸೇನಾಪತಿಯಾಗಿದ್ದ ಅಗಮೆಮ್ನನನ ಊರು ಮೈಸಿನಿ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಗ್ರೀಸನ್ನೆಲ್ಲ ಸುತ್ತಿ ಹತ್ತು ಸಂಪುಟಗಳ ಪ್ರವಾಸ ವರ್ಣನೆ ಬರೆದ ಪಾಸೇನಿಯಸ್ ರಾಜರ ಸಮಾಧಿಗಳು ಕೋಟೆಯೊಳಗಿವೆ ಎಂದಿದ್ದ. ಅದನ್ನೇ ನಂಬಿ ಜರ್ಮನಿಯ ಪುರಾತತ್ವ ಶೋಧಕ ಶ್ಲೀಮನ್ 1876ರಲ್ಲಿ ಅಗೆದಾಗ ಸಮಾಧಿಗಳು ಸಿಕ್ಕವು, ಚಿನ್ನವೂ ಸಿಕ್ಕಿತು. ಆದರೆ ಆ ಮುಖವಾಡ ಕ್ರಿ.ಪೂ. ಹದಿನಾರನೆಯ ಶತಮಾನದ್ದು, ಟ್ರಾಯ್ ಯುದ್ಧಕ್ಕೆ ಹೇಳುವ ಕಾಲಕ್ಕಿಂತ ಮುನ್ನೂರು ವರ್ಷ ಹಿಂದಿನದು. ಕಥೆ ದಾರಿ ತೋರಿಸಿತು, ಕಲ್ಲು ಬೇರೆಯದನ್ನೇ ಹೇಳಿತು, ಹೆಸರನ್ನು ಈಚಿನವರ ಕೈ ಅಂಟಿಸಿತು. ಮೂರು ಅಂಕಣಗಳ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಪುಟ ಸಿಗುವುದಿಲ್ಲ.

ಸ್ಥಳದಲ್ಲಿ ಮೊದಲು ಸಿಂಹದ್ವಾರ, ಆಮೇಲೆ ಗೋಡೆ. ಇಷ್ಟು ದೊಡ್ಡ ಬಂಡೆಗಳನ್ನು ಒಕ್ಕಣ್ಣಿನ ದೈತ್ಯರಾದ ಸೈಕ್ಲಾಪರೇ ಎತ್ತಿರಬೇಕು ಎಂದು ನಂತರದ ಗ್ರೀಕರು ನಂಬಿದ್ದರು. ನಮ್ಮಲ್ಲಿ ದೊಡ್ಡ ಕಲ್ಲು ಕಂಡಲ್ಲೆಲ್ಲ ಭೀಮನ ಹೆಸರು ಬಂದಂತೆ. ‘ಆಟ್ರಿಯಸನ ಖಜಾನೆ’ ಖಜಾನೆಯಲ್ಲ, ಗುಮ್ಮಟದ ಸಮಾಧಿ. ಬಾಗಿಲ ಮೇಲಿನ ಒಳಗಲ್ಲು ಒಂದೇ ಸುಮಾರು 120 ಟನ್ ತೂಗುತ್ತದೆ. ಅದರ ಕೆಳಗೆ ನಿಂತು ತಲೆ ಎತ್ತಿ, ಗಾರೆಯಿಲ್ಲದೆ ಸುತ್ತುಸುತ್ತಾಗಿ ಒಳಗೆ ಚಾಚುತ್ತ ಹೋದ ಕಲ್ಲಿನ ಸಾಲುಗಳನ್ನು ಎಣಿಸಲು ಹಚ್ಚಿದರೆ ಅರ್ಧ ಗಂಟೆ ಎಲ್ಲರೂ ಸದ್ದಿಲ್ಲದೆ ಇರುತ್ತಾರೆ.

ಎಪಿಡಾರಸಿನ ರಂಗಮಂದಿರಕ್ಕೆ ಹೆಚ್ಚು ಮಾತು ಬೇಡ. ಐವತ್ತೈದು ಸಾಲುಗಳ ಮೇಲ್ತುದಿಯಲ್ಲಿ ಅರ್ಧ ಜನರನ್ನು ಕೂರಿಸಿ, ಕೆಳಗೆ ನಡುಗಲ್ಲಿನ ಮೇಲೆ ನಿಂತು ಕಾಗದ ಹರಿದರೆ ಸಾಕು. ಯಕ್ಷಗಾನ ಬಲ್ಲ ಹುಡುಗರು ಏರುದನಿಯ ಪದ ಹೇಳಲು ತವಕಿಸುತ್ತಾರೆ. ಅನುಮತಿಯಿಲ್ಲದ ಪ್ರದರ್ಶನ ಅಲ್ಲಿ ಸಲ್ಲದು, ಪಿಸುಮಾತಿನಲ್ಲಿ ಒಂದು ಸಾಲು ಹೇಳಿದರೂ ಪರೀಕ್ಷೆ ಆದಂತೆಯೇ. ಅದು ವೈದ್ಯದೇವರಾದ ಆಸ್‌ಕ್ಲೀಪಿಯಸನ ಕ್ಷೇತ್ರ, ರೋಗಿಗಳು ಬಂದು ಮಲಗಿ ಕನಸಿನಲ್ಲಿ ಮದ್ದು ಕೇಳುತ್ತಿದ್ದ ಜಾಗ ಎಂಬುದನ್ನು ಮಾತ್ರ ಮರೆಯದೆ ಹೇಳಬೇಕು. ಇಲ್ಲವಾದರೆ ರಂಗಮಂದಿರ ನೋಡಿ ಎಲ್ಲರೂ ಬಸ್ಸು ಹತ್ತಿಬಿಡುತ್ತಾರೆ.

ಒಲಿಂಪಿಯಾ ನನಗೆ ಇವೆಲ್ಲಕ್ಕಿಂತ ಹೆಚ್ಚು ಮೆಚ್ಚಿಕೆಯಾದ ಜಾಗ. ಆರನೆಯ ಶತಮಾನದ ಭೂಕಂಪಗಳಲ್ಲಿ ಉರುಳಿದ, ದೇವತೆಗಳ ಅರಸ ಜ್ಯೂಸನ ದೇವಾಲಯದ ಕಂಬಗಳು ಬಿದ್ದಲ್ಲೇ ಬಿದ್ದಿವೆ. ಒಂದನ್ನು ಮಾತ್ರ 2004ರಲ್ಲಿ ಎತ್ತಿ ನಿಲ್ಲಿಸಿದ್ದಾರೆ. ಉರುಳಿದ ಕಂಬದ ದುಂಡು ಬಿಲ್ಲೆಗಳು ಒಂದಕ್ಕೊಂದು ಒರಗಿ ಸಾಲಾಗಿ ಮಲಗಿರುವುದನ್ನು ಕಂಡು ಹುಡುಗಿಯೊಬ್ಬಳು, ‘ಸರ್, ಬಾಳೆದಿಂಡು ಹೆಚ್ಚಿಟ್ಟ ಹಾಗಿದೆ’ ಎಂದಳು. ಅದನ್ನೇ ಬರೆದುಕೊಳ್ಳಲು ಹೇಳಿದೆ. ಹತ್ತಿರ ಬಗ್ಗಿ ನೋಡಿದರೆ ಆ ಕಲ್ಲಿನೊಳಗೆ ಚಿಪ್ಪುಗಳಿವೆ. ಅದು ಸಮುದ್ರದ ಚಿಪ್ಪು ಗಟ್ಟಿಯಾಗಿ ಆದ ಸುಣ್ಣಕಲ್ಲು. ಅಮೃತಶಿಲೆಯಂತೆ ಕಾಣಲೆಂದು ಮೇಲೆ ಗಾರೆ ಬಳಿದಿದ್ದರು. ಅಘನಾಶಿನಿಯ ದಂಡೆಯಲ್ಲಿ ಬಳಚು ಆರಿಸಿ ಬೆಳೆದ ಮಕ್ಕಳಿಗೆ ಚಿಪ್ಪನ್ನು ತೋರಿಸಿಕೊಡುವ ಅಗತ್ಯ ಬೀಳಲಿಲ್ಲ, ಅವರೇ ನನಗೆ ತೋರಿಸಿದರು.

ಪಕ್ಕದ, ಜ್ಯೂಸನ ಹೆಂಡತಿ ಹೀರಾಳ ದೇವಾಲಯದ ಕಂಬಗಳನ್ನು ಒಂದೊಂದಾಗಿ ನೋಡಬೇಕು. ಒಂದರ ದಪ್ಪ ಇನ್ನೊಂದಕ್ಕಿಲ್ಲ, ಒಂದರ ತಲೆ ಇನ್ನೊಂದಕ್ಕೆ ಹೊಂದುವುದಿಲ್ಲ. ಮೊದಲು ಎಲ್ಲವೂ ಮರದ ಕಂಬಗಳಾಗಿದ್ದು, ಹಾಳಾದ ಹಾಗೆಲ್ಲ ಆಯಾ ಕಾಲದ ರೀತಿಯಲ್ಲಿ ಕಲ್ಲಿನ ಕಂಬ ನಿಲ್ಲಿಸಿದ್ದರಿಂದ ಹೀಗಾಯಿತೆಂದು ಪುರಾತತ್ವಜ್ಞರು ಹೇಳುತ್ತಾರೆ. ಪಾಸೇನಿಯಸ್ ಬಂದಾಗ ಓಕ್ ಮರದ ಒಂದು ಕಂಬ ಇನ್ನೂ ಉಳಿದಿತ್ತು. ಘಟ್ಟದ ಮೇಲಿನ ಹಳೆಯ ಮನೆಗಳಲ್ಲಿ ಗೆದ್ದಲು ಹಿಡಿದ ಮರದ ಕಂಬದ ಜಾಗಕ್ಕೆ ಒಂದೊಂದಾಗಿ ಸಿಮೆಂಟಿನ ಕಂಬ ಬರುವುದನ್ನು ಕಂಡವರು ಇಲ್ಲಿ ಬಹಳ ಹೊತ್ತು ನಿಂತರು. ಕೊನೆಯಲ್ಲಿ ಪುರಾತನ ಒಲಿಂಪಿಕ್ ಕ್ರೀಡೆಗಳ ಓಟದ ಮೈದಾನ: ಆರಂಭದ ಕಲ್ಲುಪಟ್ಟಿಯಲ್ಲಿ ಕಾಲ್ಬೆರಳೂರುವ ಗೀರುಗಳು, ಅಲ್ಲಿಂದ ಕೊನೆಗೆ 192 ಮೀಟರ್. ಆ ಉದ್ದವನ್ನು ಪುರಾಣದ ವೀರ ಹೆರಾಕ್ಲಿಸನೇ ತನ್ನ ಪಾದದಿಂದ ಅಳೆದನೆಂಬುದು ಕಥೆ. ಎಲ್ಲರೂ ಓಡಲಿ, ಬಟ್ಟೆ ಕೊಳೆಯಾದರೆ ಆಗಲಿ. ಹೆಂಗಸರಿಗೆ ಸ್ಪರ್ಧೆಯಲ್ಲಿ ಪ್ರವೇಶವಿಲ್ಲದಿದ್ದರೂ ಸ್ಪಾರ್ಟಾದ ಕಿನಿಸ್ಕಾ ತನ್ನ ರಥದ ಒಡತಿಯಾಗಿ ಕ್ರಿ.ಪೂ. 396ರಲ್ಲಿ ಗೆದ್ದಳೆಂಬುದನ್ನು ಹುಡುಗಿಯರಿಗೆ ಓಟಕ್ಕೆ ಮೊದಲೇ ಹೇಳಬೇಕು.

ಡೆಲ್ಫಿಯಲ್ಲಿ ಜ್ಯೂಸ್ ಬಿಟ್ಟ ಎರಡು ಹದ್ದುಗಳು ಸಂಧಿಸಿದ ಭೂಮಿಯ ಹೊಕ್ಕುಳು, ಅಪೊಲೊ ಕೊಂದ ಹೆಬ್ಬಾವು, ಮುಕ್ಕಾಲಿಯ ಮೇಲೆ ಕುಳಿತು ಭವಿಷ್ಯ ನುಡಿಯುತ್ತಿದ್ದ ಪಿಥಿಯಾ. ಇಲ್ಲಿ ಕಲ್ಲಿನ ಅಂಕಣದಲ್ಲಿಯೇ ಜಗಳವಿದೆ. ಅಲ್ಲಿ ಅರ್ಚಕನಾಗಿದ್ದ ಪ್ಲುಟಾರ್ಕ್ ಪರಿಮಳದ ಆವಿಯ ಮಾತು ಬರೆದಿದ್ದಾನೆ, 1892ರಿಂದ ಮೇಲಿದ್ದ ಹಳ್ಳಿಯನ್ನೇ ಸ್ಥಳಾಂತರಿಸಿ ಅಗೆದ ಫ್ರೆಂಚರಿಗೆ ಬಿರುಕು ಕಾಣಲಿಲ್ಲ, 2001ರಲ್ಲಿ ಭೂವಿಜ್ಞಾನಿಗಳು ಕೆಳಗೆ ಭೂಸ್ತರಭಂಗಗಳಿವೆ, ಎಥಿಲೀನ್ ಅನಿಲ ಬಂದಿರಬಹುದು ಎಂದರು, ಅದನ್ನೂ ಒಪ್ಪದವರಿದ್ದಾರೆ. ವಿದ್ಯಾರ್ಥಿಗಳನ್ನು ಎರಡು ಪಕ್ಷ ಮಾಡಿ ಅಲ್ಲಿಯೇ ತಾಳಮದ್ದಳೆಯ ಅರ್ಥಧಾರಿಗಳಂತೆ ವಾದಕ್ಕೆ ಕೂರಿಸಬೇಕು. ಗೆಲುವು ಸೋಲು ತೀರ್ಮಾನಿಸಬಾರದು. ಕ್ನೋಸಸಿಗೆ ಹೋದರೆ ಒಂದೇ ಮಾತು: ಕಣ್ಣಿಗೆ ಕುಕ್ಕುವ ಆ ಕೆಂಪು ಕಂಬಗಳು 1900ರಲ್ಲಿ ಅಗೆಯಲು ಆರಂಭಿಸಿದ ಇಂಗ್ಲೆಂಡಿನ ಪುರಾತತ್ವಜ್ಞ ಇವಾನ್ಸ್ ನಿಲ್ಲಿಸಿದ ಮರುನಿರ್ಮಾಣದವು, ಹಲವೆಡೆ ಕಾಂಕ್ರೀಟಿನವು. ಪುರಾಣದ ಗೂಳಿತಲೆಯ ಮಿನೊಟಾರನ ಜಟಿಲ ಮನೆಯನ್ನು ಹುಡುಕುವ ಮೊದಲು ‘ಕೈ’ ಅಂಕಣ ತುಂಬಲಿ.

ಊಟ, ನಡತೆ, ಸಾಮಾನು

ಸಸ್ಯಾಹಾರಿಗಳಿಗೆ ಗ್ರೀಸಿನಲ್ಲಿ ಹೆದರಿಕೆ ಬೇಡ. ಅಲ್ಲಿನ ಆರ್ಥೊಡಾಕ್ಸ್ ಜನರಿಗೂ ಉಪವಾಸದ ದಿನಗಳಿವೆ, ಆ ದಿನಗಳ ಅಡುಗೆಗೆ ‘ನಿಸ್ತಿಸಿಮೊ’ ಎನ್ನುತ್ತಾರೆ. ಆ ಮಾತು ಹೇಳಿದರೆ ಮಾಂಸ, ಮೊಟ್ಟೆ, ಹಾಲು ಇಲ್ಲದ ತಿನಿಸು ಬರುತ್ತದೆ; ಆದರೆ ಅವರ ಉಪವಾಸಕ್ಕೆ ಸಿಗಡಿ, ಬೊಂಡಾಸುಗಳು ಸಲ್ಲುವುದರಿಂದ ಅದನ್ನೂ ಬೇಡವೆಂದು ಬಿಡಿಸಿ ಹೇಳಬೇಕು. ಪಾಲಕ್ ಸೊಪ್ಪಿನ ಸ್ಪಾನಕೋಪಿಟಾ, ದೊಡ್ಡ ಅವರೆಯಂಥ ಗಿಗಾಂಡೆಸ್, ಬೇಳೆಯ ಫಾವಾ ನಮ್ಮ ನಾಲಿಗೆಗೆ ಒಗ್ಗುತ್ತವೆ. ಅನ್ನ ತುಂಬಿದ ಟೊಮೆಟೊದಲ್ಲಿ ಕೆಲವೆಡೆ ಕೊಚ್ಚಿದ ಮಾಂಸವಿರುತ್ತದೆ, ಕೇಳಿಯೇ ತಿನ್ನಬೇಕು. ಅಥೆನ್ಸಿನ ನಲ್ಲಿ ನೀರು ಕುಡಿಯಬಹುದು. ಮನೆಯಿಂದ ಅವಲಕ್ಕಿ, ಚಟ್ನಿಪುಡಿ ಒಯ್ಯಬಹುದು. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲವಾದ್ದರಿಂದ ಪೇಡೆಯ ಡಬ್ಬ ಬೇಡ. ಒಣಕೊಬ್ಬರಿಯನ್ನು ವಿಮಾನದ ಸಾಮಾನಿನಲ್ಲಿ ಇಡುವಂತಿಲ್ಲ ಎಂಬುದನ್ನು ಅಜ್ಜಿಯಂದಿರಿಗೆ ಮೊದಲೇ ತಿಳಿಸಿದರೆ ನಿಲ್ದಾಣದಲ್ಲಿ ಚೀಲ ಬಿಚ್ಚುವುದು ತಪ್ಪುತ್ತದೆ.

ಸವೆದು ನುಣುಪಾದ ಅಮೃತಶಿಲೆಯ ಮೇಲೆ ಚಪ್ಪಲಿ ಜಾರುತ್ತದೆ. ಅಡಿ ಹಿಡಿಯುವ ಶೂ ಎಲ್ಲರಿಗೂ ಕಡ್ಡಾಯ. ದೊಡ್ಡ ಬೆನ್ನುಚೀಲವನ್ನು ಅಕ್ರೊಪೊಲಿಸಿನಲ್ಲಿ ಒಳಗೆ ಬಿಡುವುದಿಲ್ಲ. ಕಲ್ಲನ್ನು ಮುಟ್ಟಿದರೆ ಕಾವಲಿನವರು ಸಿಳ್ಳೆ ಹಾಕುತ್ತಾರೆ. ಪ್ರತಿಮೆಯ ಭಂಗಿಯನ್ನು ಅಣಕಿಸಿ ಫೋಟೊ ತೆಗೆಸಿಕೊಳ್ಳುವುದನ್ನು ಮ್ಯೂಸಿಯಮ್ಮುಗಳಲ್ಲಿ ತಡೆಯುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ನೆಲದ ಮೇಲೆ ಬಿದ್ದ ಮಡಕೆಯ ಚೂರನ್ನು ನೆನಪಿಗೆಂದು ಜೇಬಿಗೆ ಹಾಕುವುದು ಅಲ್ಲಿನ ಕಾನೂನಿನಲ್ಲಿ ಅಪರಾಧ. ತಾಣದಿಂದ ಹೊರಡುವಾಗ ಬಸ್ಸಿನ ಬಾಗಿಲಲ್ಲಿ ನಿಂತು ಪ್ರತಿಯೊಬ್ಬರನ್ನೂ ಕೇಳುತ್ತೇನೆ. ಕೆಲವರಿಗೆ ಮುಜುಗರವಾಗುತ್ತದೆ, ಆದರೂ ಕೇಳುತ್ತೇನೆ.

ಪ್ರತಿ ರಾತ್ರಿ ಊಟದ ನಂತರ ಮುಕ್ಕಾಲು ಗಂಟೆ ಪುಸ್ತಕಗಳನ್ನು ಅದಲುಬದಲು ಮಾಡಿ ಓದಿಸಬೇಕು. ಒಬ್ಬರ ‘ಕಲ್ಲಿ’ನ ಅಂಕಣದಲ್ಲಿ ಕಥೆ ನುಸುಳಿದ್ದರೆ ಇನ್ನೊಬ್ಬರು ಪೆನ್ಸಿಲಿನಲ್ಲಿ ಗೆರೆ ಹಾಕಿ ಬಾಣ ಬರೆದು ಮೊದಲ ಅಂಕಣಕ್ಕೆ ಕಳಿಸಬೇಕು. ಮೊದಲ ರಾತ್ರಿ ಬಾಣಗಳಿಂದ ಪುಟವೇ ಕಾಣದಷ್ಟಾಗುತ್ತದೆ, ಡೆಲ್ಫಿಗೆ ಬರುವಷ್ಟರಲ್ಲಿ ಕಡಿಮೆಯಾಗುತ್ತವೆ. ಊರಿಗೆ ಬಂದ ತಿಂಗಳೊಳಗೆ ಅದೇ ವಿದ್ಯಾರ್ಥಿಗಳು ಕಿರಿಯರ ಒಂದು ತಂಡವನ್ನು ಬನವಾಸಿಗೆ ಕರೆದೊಯ್ದು ನಾಗಶಿಲೆಯ ಮುಂದೆ ಪಾಠ ಹೇಳಬೇಕು. ತುಂಬಿದ ನೋಟ್‌ಬುಕ್ಕುಗಳನ್ನು ಕಾಲೇಜಿನ ಗ್ರಂಥಾಲಯಕ್ಕೆ ಕೊಟ್ಟು, ಮುಂದಿನ ತಂಡ ಹೊರಡುವ ಮೊದಲು ಓದಲೆಂದು ದಾಖಲೆ ಪುಸ್ತಕದಲ್ಲಿ ನಂಬರು ಹಾಕಿಸಿಡಬೇಕು.